ಮಸಿಯ ಸ್ನಿಗ್ಧತೆಯೂ ಆಮ್ಲ-ಕ್ಷಾರಗುಣವೂ: ಸಗರನಾಡಿನ ಬರಹ, ಚಿತ್ರ, ಮುದ್ರಣಗಳ ವರ್ಣವಿಚಾರ

೧. ಪ್ರಸ್ತಾವನೆ

ಕೃಷ್ಣಾ-ಭೀಮಾ ನದಿಗಳ ನಡುವಣ ಶಹಾಪುರ, ಸುರಪುರಗಳೂ ಭೀಮೆಯ ಆಚೆಯ ದಡದ ಯಾದಗಿರಿಯೂ ಕನ್ನಡ ವಾಙ್ಮಯದ ಚರಿತ್ರೆಯಲ್ಲಿ ಹೆಸರುಗೊಂಡ ಸ್ಥಳಗಳು. ದೇವರ ದಾಸಿಮಯ್ಯನ ಮುದನೂರು, ಕಾಲಜ್ಞಾನದ ವಚನಗಳಿಗೂ ಅಮರಗನ್ನಡವೆಂಬ ಗುಪ್ತಲಿಪಿಗೂ ಪ್ರಸಿದ್ಧವಾದ ಕೊಡೇಕಲ್ಲು, ಮೌನೇಶ್ವರನ ತಿಂಥಣಿ, ಇವೆಲ್ಲವೂ ಸುರಪುರದ ಸೀಮೆಗೆ ಸೇರಿದವು. ಆದಿಲಶಾಹಿ ವಂಶದ ಮೊದಲ ಅರಸರ ಸಮಾಧಿಗಳಿರುವ ಗೋಗಿಯು ಶಹಾಪುರದ ಸಮೀಪದಲ್ಲಿದೆ. ಸುರಪುರದ ನಾಯಕರ ಆಶ್ರಯದಲ್ಲಿ ಬೆಳೆದ ಚಿತ್ರಕಲೆಯು ಗರುಡಾದ್ರಿ ಎಂಬ ಮನೆತನದ ಹೆಸರಿನೊಡನೆ ಇಂದಿಗೂ ಸ್ಮರಿಸಲ್ಪಡುತ್ತದೆ. ಹೀಗೆ ಬರಹ, ಚಿತ್ರ ಎರಡೂ ತಲೆಮಾರುಗಳ ಕಾಲ ನಡೆದುಬಂದ ನಾಡಿನಲ್ಲಿ, ಅವೆರಡಕ್ಕೂ ಸಾಧನವಾದ ಮಸಿ-ಬಣ್ಣಗಳ ವಿಚಾರವು ವಿದ್ವಾಂಸರ ಗಮನವನ್ನು ಸಾಕಷ್ಟು ಸೆಳೆದಿಲ್ಲ.

ಗ್ರಂಥಸಂಪಾದಕನು ಪಾಠಾಂತರಗಳನ್ನು ಎಣಿಸುತ್ತಾನೆ. ಲಿಪಿಕಾರನ ಪ್ರಮಾದಗಳನ್ನು ಗುರುತಿಸುತ್ತಾನೆ. ಆದರೆ ಹಾಳೆಯ ಮೇಲೆ ಅಕ್ಷರವು ನಿಂತ ಬಗೆಯೂ, ಉಳಿದ ಅಥವಾ ಅಳಿದ ಬಗೆಯೂ ಲಿಪಿಕಾರನ ಕೈಯೊಂದನ್ನೇ ಅವಲಂಬಿಸಿದ್ದಲ್ಲ. ಮಸಿಯು ಎಷ್ಟು ಮಂದವಾಗಿದ್ದಿತು, ಅದರಲ್ಲಿ ಹುಳಿಯಿದ್ದಿತೋ ಕ್ಷಾರವಿದ್ದಿತೋ ಎಂಬ ಎರಡು ಸಂಗತಿಗಳು ಅಕ್ಷರದ ಆಕಾರವನ್ನೂ ಬಣ್ಣವನ್ನೂ ಆಯುಷ್ಯವನ್ನೂ ಬಹುಮಟ್ಟಿಗೆ ನಿರ್ಣಯಿಸುತ್ತವೆ. ಕಂಠದಿಂದ ಕೊರೆದ ಓಲೆಯಿಂದ ಹಿಡಿದು ಇಂದಿನ ಯಂತ್ರಮುದ್ರಣದವರೆಗೆ ಈ ಎರಡು ನಿಯಮಗಳು ಬದಲಾಗಿಲ್ಲವೆಂಬುದನ್ನೂ, ಹಳೆಯ ಗ್ರಂಥಗಳ ಸಂರಕ್ಷಣೆಯಲ್ಲಿ ಇವನ್ನು ಮರೆತರೆ ಉಂಟಾಗುವ ಹಾನಿಯನ್ನೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಎರಡು ಗುಣಗಳ ಸ್ವರೂಪ

ದ್ರವವೊಂದು ಹರಿಯುವಾಗ ಅದರ ಪದರಗಳು ಒಂದನ್ನೊಂದು ತಡೆಯುವ ಗುಣಕ್ಕೆ ಸ್ನಿಗ್ಧತೆಯೆಂದು ಹೆಸರು. ನೀರಿಗೆ ಇದು ಅತ್ಯಲ್ಪ, ಜೇನಿಗೆ ಅಧಿಕ. ಓಲೆ ಅಥವಾ ಕಾಗದದ ಮೇಲೆ ಲೆಕ್ಕಣಿಕೆಯಿಂದ ಬರೆಯುವ ಮಸಿಯು ನೀರಿಗೆ ಹತ್ತಿರವಾದುದು. ಅಚ್ಚುಮೊಳೆಗೂ ಕಲ್ಲಚ್ಚಿಗೂ ಬಳಸುವ ಎಣ್ಣೆಯ ಮಸಿಯಾದರೋ ನೀರಿಗಿಂತ ಹತ್ತಾರು ಸಾವಿರ ಪಟ್ಟು ಮಂದವಾಗಿರುವುದುಂಟು. ಮಸಿಯು ಬೇಕಾದುದಕ್ಕಿಂತ ತೆಳುವಾದರೆ ಅಂಚು ಮೀರಿ ಹರಿದು ಬಣ್ಣವು ಪೇಲವವಾಗುತ್ತದೆ. ಬೇಕಾದುದಕ್ಕಿಂತ ಮಂದವಾದರೆ ಸಮವಾಗಿ ಹರಡದೆ ಅಲ್ಲಲ್ಲಿ ಗಟ್ಟಿಕಟ್ಟುತ್ತದೆ. ಉಷ್ಣವು ಏರಿದಂತೆ ಸ್ನಿಗ್ಧತೆಯು ಇಳಿಯುವುದೆಂಬುದು ಇಲ್ಲಿ ಮುಖ್ಯವಾದ ಮಾತು. ಬೇಸಿಗೆಯಲ್ಲಿ ೪೦ ಡಿಗ್ರಿಯನ್ನು ದಾಟುವ ಬಿಸಿಲಿನ ಯಾದಗಿರಿ ಸೀಮೆಯಲ್ಲಿ ಒಂದೇ ಮಸಿಯು ಮಾಘಮಾಸದ ಮುಂಜಾನೆ ಒಂದು ಬಗೆಯಾಗಿಯೂ ವೈಶಾಖದ ಮಧ್ಯಾಹ್ನ ಮತ್ತೊಂದು ಬಗೆಯಾಗಿಯೂ ವರ್ತಿಸುವುದು ಸಹಜವೇ ಸರಿ.

ಎರಡನೆಯ ಗುಣವು ಆಮ್ಲ-ಕ್ಷಾರಗಳದು. ಇದನ್ನು ಅಳೆಯಲು ಈಗ ಲೋಕದಲ್ಲೆಲ್ಲ ಬಳಕೆಯಲ್ಲಿರುವ ಪಿ. ಎಚ್. ಮಾನವನ್ನು ೧೯೦೯ರಲ್ಲಿ ಡೆನ್ಮಾರ್ಕಿನ ರಸಾಯನಜ್ಞ ಸೋರೆನ್‌ಸನ್ನನು ರೂಪಿಸಿದನು. ಅದರಲ್ಲಿ ೭ ಎಂಬುದು ಸಮಸ್ಥಿತಿ. ಅದಕ್ಕಿಂತ ಕಡಮೆಯಾದುದು ಆಮ್ಲ, ಹೆಚ್ಚಾದುದು ಕ್ಷಾರ. ಒಂದೊಂದು ಅಂಕದ ಅಂತರವೂ ಹತ್ತುಪಟ್ಟಿನ ವ್ಯತ್ಯಾಸವನ್ನು ಸೂಚಿಸುವುದರಿಂದ, ನೋಡಲು ಅಲ್ಪವೆನಿಸುವ ಭೇದವೂ ಫಲದಲ್ಲಿ ದೊಡ್ಡದಾಗಿರುತ್ತದೆ. ಮಾನವು ಹೊಸದಾದರೂ ವಿಷಯವು ನಮ್ಮ ನಾಡಿಗೆ ಹೊಸದಲ್ಲ. ಅರಿಸಿನದ ನೀರಿಗೆ ಸುಣ್ಣವನ್ನು ಕದಡಿದರೆ ಕೆಂಪೇರಿ ಓಕುಳಿಯಾಗುವುದನ್ನೂ, ಅದಕ್ಕೆ ನಿಂಬೆಹುಳಿಯನ್ನು ಹಿಂಡಿದರೆ ಮರಳಿ ಹಳದಿಗೆ ತಿರುಗುವುದನ್ನೂ ಅರಿಯದ ಮನೆಯಿಲ್ಲ. ಬಣ್ಣವೆಂಬುದು ವಸ್ತುವಿನ ಸ್ಥಿರಗುಣವಲ್ಲ, ಹುಳಿ-ಕ್ಷಾರಗಳ ಸಹವಾಸದಿಂದ ಮಾರ್ಪಡತಕ್ಕದ್ದು ಎಂಬ ತತ್ತ್ವವು ಓಕುಳಿಯ ಕೊಪ್ಪರಿಗೆಯಲ್ಲಿಯೇ ಅಡಗಿದೆ.

೩. ಕಪ್ಪು ಮಸಿಯ ಮೂರು ಬಗೆಗಳು

ಓಲೆಗರಿಯಲ್ಲಿ ಮಸಿಯು ಬರೆಯುವ ಸಾಧನವಲ್ಲ. ಕಂಠದಿಂದ ಮೊದಲು ಅಕ್ಷರವನ್ನು ಕೊರೆದು, ಆಮೇಲೆ ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿಯೋ ಸೊಪ್ಪಿನ ರಸದಲ್ಲಿಯೋ ಕಲಸಿ ಗರಿಯ ಮೇಲೆ ತೊಡೆದು ಒರಸಿದರೆ, ಗೀರಿನಲ್ಲಿ ಮಾತ್ರ ಕಪ್ಪು ನಿಲ್ಲುತ್ತದೆ. ಇಲ್ಲಿ ಬೇಕಾದುದು ಗೀರಿನೊಳಕ್ಕೆ ಇಳಿಯುವಷ್ಟು ತೆಳುವಾದ, ಒರಸಿದಾಗ ಹೊರಬಾರದಷ್ಟು ಮಂದವಾದ ಮಿಶ್ರಣ. ಕಪ್ಪು ಆರಿದ ಓಲೆಗೆ ಮತ್ತೆ ಮಸಿ ತೊಡೆದು ಓದುವ ವಾಡಿಕೆಯೂ ಇದರಿಂದಲೇ ಸಾಧ್ಯವಾಯಿತು. ಅಕ್ಷರದ ಪ್ರಾಣವು ಗೀರಿನಲ್ಲಿದೆ. ಮಸಿಯು ಅದರ ಅಲಂಕಾರ ಮಾತ್ರ. ವ್ಯವಹಾರದ ಲೆಕ್ಕಗಳಿಗೆ ಬಳಸುತ್ತಿದ್ದ ಕಡತವು ಇದಕ್ಕೆ ವಿಪರೀತವಾದುದು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಆ ಕಪ್ಪು ಹಿನ್ನೆಲೆಯ ಮೇಲೆ ಬಳಪದಿಂದ ಬಿಳಿಯ ಅಕ್ಷರಗಳನ್ನು ಬರೆಯುತ್ತಿದ್ದರು. ಸರಿಯು ನೀರಾದರೆ ಇದ್ದಲು ಉದುರುವುದು, ಗಟ್ಟಿಯಾದರೆ ಮಡಿಕೆಯಲ್ಲಿ ಬಿರಿಯುವುದು.

ಕಾಗದವು ಬಂದಮೇಲೆ ಮಸಿಯೇ ಅಕ್ಷರವಾಯಿತು. ದಖ್ಖನದಲ್ಲಿ ದೌಲತಾಬಾದಿನ ಬಳಿಯ ಕಾಗಜೀಪುರವು ಕೈಕಾಗದಕ್ಕೆ ಹೆಸರಾದ ಸ್ಥಳ. ಈ ಬಗೆಯ ಕಾಗದಕ್ಕೆ ಗಂಜಿಯನ್ನು ಸವರಿ ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪುಗೊಳಿಸುತ್ತಿದ್ದರು. ಉಜ್ಜಿದ ಕಾಗದವು ಮಸಿಯನ್ನು ಹೀರದೆ ಮೇಲ್ಮೈಯಲ್ಲಿಯೇ ನಿಲ್ಲಿಸಿಕೊಳ್ಳುವುದರಿಂದ ಮಸಿಯ ಹದವು ಮುಖ್ಯವಾಯಿತು. ಕಾಗದದ ಮೇಲೆ ಬಳಸಿದ ಕಪ್ಪು ಮಸಿಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಕಾಡಿಗೆ ಮತ್ತು ಜಾಲಿಯ ಅಂಟಿನ ಮಸಿ. ಕಾಡಿಗೆಯು ಇಂಗಾಲವೇ ಆದುದರಿಂದ ಬಿಸಿಲು, ಹುಳಿ, ಕ್ಷಾರ ಯಾವುದೂ ಅದರ ಬಣ್ಣವನ್ನು ಕೆಡಿಸಲಾರದು. ಇದರ ದೌರ್ಬಲ್ಯವಿರುವುದು ಅಂಟಿನಲ್ಲಿ. ಅಂಟು ಕಡಮೆಯಾದರೆ ಕಾಡಿಗೆಯು ಧೂಳಾಗಿ ಉದುರುತ್ತದೆ. ಅತಿಯಾದರೆ ಅಕ್ಷರವು ಹೊಳೆದು, ಒಣಹವೆಯಲ್ಲಿ ಬಿರಿದು, ಚಕ್ಕೆಯಾಗಿ ಏಳುತ್ತದೆ. ನೀರು ತಗುಲಿದರಂತೂ ಕರಗಿಹೋಗುತ್ತದೆ.

ಎರಡನೆಯದು ಅರಗಿನ ಮಸಿ. ಅರಗು ಬರಿಯ ನೀರಿನಲ್ಲಿ ಕರಗತಕ್ಕ ವಸ್ತುವಲ್ಲ. ಆದರೆ ಬಿಳಿಗಾರವನ್ನು ಹಾಕಿ ಕುದಿಸಿದರೆ ಕರಗುತ್ತದೆ. ಲೋಧ್ರದ ತೊಗಟೆಯನ್ನೂ ಸೇರಿಸಿ ಕುದಿಸಿ ಸೋಸಿದ ಆ ರಸದಲ್ಲಿ ಕಾಡಿಗೆಯನ್ನು ಬಹುಕಾಲ ಅರೆದರೆ ಸಿದ್ಧವಾಗುವ ಮಸಿಯು ಒಣಗಿದ ಮೇಲೆ ನೀರಿಗೆ ಸುಲಭವಾಗಿ ಬಿಡುವುದಿಲ್ಲ. ಇದರ ರಹಸ್ಯವು ಬಿಳಿಗಾರದ ಕ್ಷಾರಗುಣ. ದ್ರಾವಣವು ಕ್ಷಾರವಾಗಿರುವವರೆಗೆ ಅರಗು ಕರಗಿದ್ದು ಮಸಿಯು ಸರಾಗವಾಗಿ ಹರಿಯುತ್ತದೆ. ಹುಳಿಯ ಸಂಪರ್ಕವಾದೊಡನೆ ಅರಗು ಬೇರ್ಪಟ್ಟು ಮಸಿಯು ಮೊಸರಿನಂತೆ ಒಡೆಯುತ್ತದೆ. ಸುಣ್ಣದ ಅಂಶವು ವಿಶೇಷವಾಗಿರುವ ಗಡುಸುನೀರೂ ಇದೇ ಬಗೆಯ ಕೇಡನ್ನು ಮಾಡಬಲ್ಲದು. ಭೀಮಾತೀರದ ಸುಣ್ಣಕಲ್ಲಿನ ನೆಲದಲ್ಲಿ ಯಾವ ಬಾವಿಯ ನೀರಿನಿಂದ ಮಸಿ ಕಾಸಬೇಕೆಂಬುದು ಆದುದರಿಂದ ಅಲ್ಪವಾದ ಪ್ರಶ್ನೆಯಲ್ಲ.

ಮೂರನೆಯದು ಅಳಲೆಕಾಯಿ ಮತ್ತು ಅನ್ನಭೇದಿಯ ಮಸಿ. ಅಳಲೆಯ ಒಗರು ಕಬ್ಬಿಣದ ಲವಣದೊಡನೆ ಸೇರಿ ಕಪ್ಪಾಗುತ್ತದೆ. ಇದು ಮೊದಲು ತೆಳುವಾಗಿ ಕಂಡರೂ ಗಾಳಿಯಾಡಿದಂತೆ ಕಪ್ಪೇರುತ್ತದೆ. ಕಾಗದದ ನಾರಿನೊಳಕ್ಕೆ ಇಳಿಯುವುದರಿಂದ ಒರಸಿದರೂ ತೊಳೆದರೂ ಹೋಗುವುದಿಲ್ಲ. ಆದುದರಿಂದಲೇ ಸರ್ಕಾರದ ದಫ್ತರಗಳಲ್ಲಿ ಈ ಜಾತಿಯ ಮಸಿಗೆ ಮರ್ಯಾದೆ. ಆದರೆ ಈ ಮೇಳನದಲ್ಲಿ ಗಂಧಕಾಮ್ಲವು ಹುಟ್ಟುತ್ತದೆ. ಹೊಸ ಮಸಿಯ ಪಿ. ಎಚ್. ಮಾನವು ೨ ರಿಂದ ೩ರ ಆಸುಪಾಸಿನಲ್ಲಿರುವುದುಂಟು. ಆ ಹುಳಿಯೂ ಮಿಕ್ಕ ಕಬ್ಬಿಣವೂ ಸೇರಿ ದಶಕಗಳ ಕಾಲ ಕಾಗದವನ್ನು ತಿನ್ನುತ್ತವೆ. ಕಪ್ಪು ಕ್ರಮೇಣ ಕಂದಾಗುತ್ತದೆ; ಕಡೆಗೆ ಅಕ್ಷರವಿದ್ದೆಡೆಯಲ್ಲಿ ಅಕ್ಷರದ ಆಕಾರದ ತೂತು ಉಳಿಯುತ್ತದೆ.

೪. ಅಕ್ಷರದ ಆಕಾರಕ್ಕೆ ಬಂದ ಕುಂದು

ಈ ಭೇದಗಳು ಗ್ರಂಥಸಂಪಾದನೆಗೆ ನೇರವಾಗಿ ಸಂಬಂಧಿಸಿದವು. ಕನ್ನಡ ಲಿಪಿಯು ದುಂಡಾದುದು. ಅನೇಕ ಅಕ್ಷರಗಳ ಭೇದವು ಒಂದು ಚುಕ್ಕೆಯಲ್ಲಿ ಅಥವಾ ಒಂದು ಸೀಳಿನಲ್ಲಿದೆ. ಠಕಾರಕ್ಕೆ ಹೊಟ್ಟೆಯೊಳಗಣ ಚುಕ್ಕೆಯೇ ಗುರುತು. ಥಕಾರವನ್ನು ಧಕಾರದಿಂದ ಬೇರ್ಪಡಿಸುವುದೂ ಚುಕ್ಕೆಯೇ. ದಕಾರ-ಧಕಾರಗಳ, ಪಕಾರ-ಫಕಾರಗಳ ಅಂತರವು ಕೆಳಗಿನ ಸೀಳಿನಲ್ಲಿದೆ. ತೆಳುವಾದ ಮಸಿಯು ಗಂಜಿ ಸಾಲದ ಕಾಗದದ ಮೇಲೆ ಹರಿದರೆ ಸೀಳು ಮುಚ್ಚಿಹೋಗುತ್ತದೆ, ಸೊನ್ನೆಯು ಚುಕ್ಕೆಯಾಗುತ್ತದೆ, ಒತ್ತಕ್ಷರಗಳು ಒಂದರೊಳಗೊಂದು ಬೆರೆಯುತ್ತವೆ. ಅಂಟು ಹೆಚ್ಚಾದ ಮಸಿಯಲ್ಲಿ ಇದಕ್ಕೆ ವಿಪರೀತವಾಗಿ, ಅತ್ಯಂತ ಚಿಕ್ಕ ಅವಯವವಾದ ಚುಕ್ಕೆಯೇ ಮೊದಲು ಚಕ್ಕೆಯೆದ್ದು ಬೀಳುತ್ತದೆ. ಆಗ ಲಿಪಿಕಾರನು ಮಹಾಪ್ರಾಣವನ್ನು ಬರೆದಿದ್ದರೂ ಓದುವವನಿಗೆ ಅಲ್ಪಪ್ರಾಣವೇ ಕಾಣುತ್ತದೆ.

ಅಲ್ಪಪ್ರಾಣ-ಮಹಾಪ್ರಾಣಗಳ ವ್ಯತ್ಯಾಸವನ್ನು ಕಂಡೊಡನೆ ಅದನ್ನು ಪ್ರಾಂತಭಾಷೆಯ ಉಚ್ಚಾರಕ್ಕೋ ಬರೆದವನ ಅಜ್ಞಾನಕ್ಕೋ ಆರೋಪಿಸುವುದು ವಾಡಿಕೆ. ಎಷ್ಟೋ ಕಡೆ ಅದು ನಿಜವೂ ಹೌದು. ಆದರೆ ಒಂದೇ ಪ್ರತಿಯಲ್ಲಿ ಓಲೆಯ ಮೂಲದಿಂದ ಇಳಿಸಿದ ಶುದ್ಧಪಾಠದ ನಡುವೆ ಇಂತಹ ವ್ಯತ್ಯಾಸಗಳು ಕೆಲವೇ ಪುಟಗಳಲ್ಲಿ ಗುಂಪಾಗಿ ಕಂಡುಬಂದರೆ, ಆ ಪುಟಗಳ ಮಸಿಯನ್ನು ಮೊದಲು ಪರೀಕ್ಷಿಸುವುದು ಯುಕ್ತ. ಒಂದು ಬುಡ್ಡಿಯ ಮಸಿ ತೀರಿ ಮತ್ತೊಂದನ್ನು ಕಾಸಿದೆಡೆಯಲ್ಲಿ ಹದವು ಬದಲಾಗುವುದು ಸಂಭವನೀಯ. ಅಂತಹ ಸ್ಥಳದಲ್ಲಿ ಉಚ್ಚಾರದ ಸಿದ್ಧಾಂತವನ್ನು ಕಟ್ಟಿದರೆ ಅದು ಮಸಿಯ ಮೇಲೆ ಕಟ್ಟಿದ ಸಿದ್ಧಾಂತವಾಗುವುದು.

೫. ಚಿತ್ರದ ವರ್ಣಗಳು

ಚಿತ್ರವರ್ಣಗಳ ವಿಚಾರದಲ್ಲಿ ಈ ಭಾಗಕ್ಕೆ ಹಳೆಯ ಶಾಸ್ತ್ರಾಧಾರವೇ ಇದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೩೦ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರಪ್ರಕರಣವೊಂದುಂಟು. ಶಹಾಪುರದ ಸಮೀಪದ ಶಿರವಾಳವು ತನ್ನ ದೇವಾಲಯಗಳಿಂದ ಇಂದಿಗೂ ಸಾರುವಂತೆ, ಈ ಸೀಮೆಯು ಆ ಚಕ್ರವರ್ತಿಗಳ ಆಳ್ವಿಕೆಗೆ ಒಳಪಟ್ಟಿದ್ದಿತು. ಬಿಳಿಗೆ ಶಂಖದ ಪುಡಿ, ಕೆಂಪಿಗೆ ದರದ, ಅರಗಿನ ರಸ ಮತ್ತು ಕಾವಿ, ಹಳದಿಗೆ ಹರಿದಾಳ, ಕಪ್ಪಿಗೆ ಕಾಡಿಗೆ, ಇವು ಅಲ್ಲಿ ಹೇಳಿದ ಶುದ್ಧವರ್ಣಗಳು. ಅವನ್ನು ಹಿಡಿದಿಡಲು ವಜ್ರಲೇಪ. ಎಮ್ಮೆಯ ತೊಗಲನ್ನು ನೀರಿನಲ್ಲಿ ಬೆಣ್ಣೆಯಂತಾಗುವವರೆಗೆ ಕುದಿಸಿ, ಕಡ್ಡಿಗಳಾಗಿ ಮಾಡಿ ಒಣಗಿಸಿ, ಬೇಕಾದಾಗ ಬಿಸಿನೀರಿನಲ್ಲಿ ಕರಗಿಸಿ ಬಳಸತಕ್ಕ ಅಂಟು ಅದು. ಚಿನ್ನವನ್ನು ನುಣ್ಣಗೆ ಅರೆದು ಈ ಅಂಟಿನಲ್ಲಿ ಕಲಸಿ ಬಳಿದು, ಒಣಗಿದ ಮೇಲೆ ಹಂದಿಯ ದಾಡೆಯಿಂದ ಉಜ್ಜಿ ಮಿನುಗಿಸುವ ಕ್ರಮವೂ ಅಲ್ಲಿದೆ. ಬಿಸಿಯಿದ್ದಾಗ ನೀರಾಗಿ, ತಣಿದರೆ ಗಟ್ಟಿಯಾಗುವ ವಜ್ರಲೇಪವನ್ನು ಬಳಸುವ ಚಿತ್ರಕಾರನಿಗೆ ಸ್ನಿಗ್ಧತೆಯೆಂಬ ಶಬ್ದವು ತಿಳಿದಿರದಿದ್ದರೂ ಅದರ ಅನುಭವವು ಪ್ರತಿದಿನದ ಮಾತಾಗಿದ್ದಿರಬೇಕು.

ಸುರಪುರದ ನಾಯಕರು ಔರಂಗಜೇಬನ ೧೭೦೫ರ ವಾಗಿನಗೇರಿಯ ಮುತ್ತಿಗೆಯನ್ನು ಎದುರಿಸಿದ ವೀರವಂಶದವರೆಂದು ಪ್ರಖ್ಯಾತರು. ಸುರಪುರದ ವೇಣುಗೋಪಾಲಸ್ವಾಮಿಯಲ್ಲಿ ಭಕ್ತಿಯುಳ್ಳವರು. ಅವರ ಊರಿನ ಕಿರುಚಿತ್ರಗಳಲ್ಲಿ ವೈಷ್ಣವ ವಿಷಯಗಳೂ ಚಿನ್ನದ ಕೆಲಸವೂ ಮೆರೆದುದು ಇದಕ್ಕೆ ಅನುಗುಣವಾಗಿದೆ. ಬಿಜಾಪುರದ ಆದಿಲಶಾಹಿ ಚಿತ್ರಶೈಲಿಯ ನೆರೆಯಲ್ಲಿ ಬೆಳೆದ ಈ ಕಲೆಯ ವರ್ಣಗಳನ್ನು ವಿವೇಚಿಸುವಾಗ, ದಖ್ಖನದ ಚಿತ್ರಕಾರರಿಗೆಲ್ಲ ಪರಿಚಿತವಾದ ದ್ರವ್ಯಗಳ ಸ್ವಭಾವವನ್ನು ಗಮನಿಸಬೇಕು.

ಕಾವಿ, ಜಾಜುಗಳು ಮಣ್ಣಿನ ಬಣ್ಣಗಳು. ಇವಕ್ಕೆ ಸುಣ್ಣದಿಂದಲೂ ಮಂದವಾದ ಹುಳಿಯಿಂದಲೂ ಭಯವಿಲ್ಲ. ಅರಗಿನ ಕೆಂಪು ಹಾಗಲ್ಲ: ಹುಳಿಯಲ್ಲಿ ಕಿತ್ತಳೆಗೆ ಸರಿಯುತ್ತದೆ, ಕ್ಷಾರದಲ್ಲಿ ನೇರಳೆಗೆ ತಿರುಗುತ್ತದೆ. ರಾಜಾವರ್ತದ ನೀಲಿಯು ಕ್ಷಾರವನ್ನು ತಡೆದುಕೊಳ್ಳುವುದಾದರೂ ಹುಳಿಯಿಂದ ಬಿಳಚುತ್ತದೆ. ಹದಿನೆಂಟನೆಯ ಶತಮಾನದ ಆದಿಯಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿ ಲೋಕವನ್ನೆಲ್ಲ ವ್ಯಾಪಿಸಿದ ಪ್ರಷ್ಯದ ನೀಲಿಯು ಇದಕ್ಕೆ ನೇರವಾಗಿ ವಿರುದ್ಧ: ಹುಳಿಯನ್ನು ಸಹಿಸುತ್ತದೆ, ಸುಣ್ಣ ತಗುಲಿದರೆ ಕಂದಾಗುತ್ತದೆ. ತಾಮ್ರದ ಕಿಲುಬಿನಿಂದ ಮಾಡುವ ಜಂಗಾಲವೆಂಬ ಹಸುರು ಕಾಗದವನ್ನೇ ಸುಡುವಂತಹುದು. ಆ ಹಸುರನ್ನು ಬಳಿದ ಭಾಗವು ಹಾಳೆಯ ಹಿಂಬದಿಗೆ ಕಂದುಬಣ್ಣವಾಗಿ ಇಳಿದು ಕೊನೆಗೆ ಮುರಿದುಬೀಳುವುದನ್ನು ಹಳೆಯ ಕಿರುಚಿತ್ರಗಳಲ್ಲಿ ಕಾಣಬಹುದು. ಪಾರಸಿಕ ಚಿತ್ರಕಾರರು ಜಂಗಾಲಕ್ಕೆ ಕೇಸರಿಯನ್ನು ಬೆರೆಸುತ್ತಿದ್ದುದಕ್ಕೆ ವರ್ಣದ ಸೊಬಗಿನೊಡನೆ ಕಾಗದದ ರಕ್ಷಣೆಯೂ ಫಲವೆಂದು ಇತ್ತೀಚಿನ ಪರೀಕ್ಷೆಗಳಿಂದ ತಿಳಿದುಬಂದಿದೆ.

ಇದೇ ನೆಲದ ಬೆಳೆಯಾದ ಕುಸುಬೆಯು ಮತ್ತೊಂದು ದೃಷ್ಟಾಂತ. ಎರೆಯ ಹೊಲಗಳ ಈ ಸಸ್ಯವನ್ನು ಈಗ ಎಣ್ಣೆಗಾಗಿ ಬೆಳೆಯುವುದಾದರೂ, ಹಿಂದೆ ಅದರ ಹೂವು ಬಣ್ಣಗಾರರಿಗೆ ಪ್ರಿಯವಾಗಿದ್ದಿತು. ಹೂವಿನ ಎಸಳುಗಳನ್ನು ಬರಿಯ ನೀರಿನಲ್ಲಿ ತೊಳೆದರೆ ಹಳದಿಯು ಹೊರಟುಹೋಗುತ್ತದೆ. ಬೂದಿಯ ಕ್ಷಾರದ ನೀರಿನಲ್ಲಿ ನೆನೆಸಿದರೆ ಕೆಂಪು ಹೊರಬರುತ್ತದೆ. ಆ ನೀರಿಗೆ ಹುಳಿಯನ್ನು ಸೇರಿಸಿದರೆ ಕೆಂಪು ಬೇರ್ಪಟ್ಟು ಅರಿವೆಗೆ ಹತ್ತುತ್ತದೆ. ಸಮ, ಕ್ಷಾರ, ಆಮ್ಲ ಎಂಬ ಮೂರು ಅವಸ್ಥೆಗಳನ್ನು ಕ್ರಮವಾಗಿ ದಾಟಿಸಿ ಒಂದು ಹೂವಿನಿಂದ ಎರಡು ಬಣ್ಣಗಳನ್ನು ತೆಗೆದ ಬಣ್ಣಗಾರರ ಕೈಚಳಕವು ಶಾಸ್ತ್ರಕ್ಕೆ ಕಡಮೆಯಾದುದಲ್ಲ. ಆದರೆ ಆ ಕೆಂಪು ಬಿಸಿಲಿಗೆ ಬಲುಬೇಗ ಮಾಸುವುದೆಂಬುದನ್ನೂ ಮರೆಯಬಾರದು. ಹಳೆಯ ಬಣ್ಣಗಳೆಲ್ಲ ಸ್ಥಿರ, ಹೊಸವೆಲ್ಲ ಚಂಚಲ ಎಂಬ ನಂಬಿಕೆಯು ಸಾಧುವಲ್ಲ.

೬. ಕಲ್ಲಚ್ಚು

ಮುದ್ರಣದಲ್ಲಿ ಈ ಎರಡು ಗುಣಗಳ ಮಹತ್ವವು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಕಲ್ಲಚ್ಚಿನಲ್ಲಿ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಸೆನೆಫೆಲ್ಡರನು ಕಂಡುಹಿಡಿದ ಈ ವಿದ್ಯೆಗೆ ಆಧಾರವು ನಯವಾದ ಸುಣ್ಣಕಲ್ಲು. ಮೇಣ, ಕೊಬ್ಬು, ಸಾಬೂನು, ಅರಗು, ಕಾಡಿಗೆಗಳಿಂದಾದ ಜಿಡ್ಡಿನ ಮಸಿಯಿಂದ ಕಲ್ಲಿನ ಮೇಲೆ ಬರೆದು, ಜಾಲಿಯ ಅಂಟಿಗೆ ಕೆಲವು ಹನಿ ನೈಟ್ರಿಕ್ ಆಮ್ಲವನ್ನು ಬೆರೆಸಿ ಸವರುತ್ತಾರೆ. ಬರೆದ ಭಾಗವು ಜಿಡ್ಡನ್ನು ಹಿಡಿಯುವಂತೆಯೂ ಬರೆಯದ ಭಾಗವು ಅಂಟನ್ನು ಹೀರಿ ನೀರನ್ನು ಹಿಡಿಯುವಂತೆಯೂ ಆಗುತ್ತದೆ. ಆಮೇಲೆ ಕಲ್ಲನ್ನು ನೀರಿನಿಂದ ತೇವಮಾಡಿ ಎಣ್ಣೆಯ ಮಸಿಯ ಉರುಳೆಯನ್ನು ಉರುಳಿಸಿದರೆ ಅಕ್ಷರಗಳಿಗೆ ಮಾತ್ರ ಮಸಿ ಹತ್ತುತ್ತದೆ. ಆಮ್ಲವು ಅತಿಯಾದರೆ ಸಣ್ಣ ಗೆರೆಗಳು ಕರಗಿಹೋಗುತ್ತವೆ. ಸಾಲದಾದರೆ ಬಯಲೆಲ್ಲ ಮಸಿ ಹಿಡಿದು ಹಾಳೆಯು ಕೊಳೆಯಾಗುತ್ತದೆ. ಮಸಿಯು ತೆಳುವಾದರೆ ನೀರಿನೊಡನೆ ಬೆರೆತು ಬಣ್ಣವು ಮಂಕಾಗುತ್ತದೆ. ಅತಿಮಂದವಾದರೆ ಗೆರೆಗೆ ಸಮವಾಗಿ ಹತ್ತದೆ ಕಾಗದವನ್ನು ಕಿತ್ತುಕೊಳ್ಳುತ್ತದೆ.

ಕನ್ನಡ ಮುದ್ರಣದ ಚರಿತ್ರೆಯಲ್ಲಿ ಕಲ್ಲಚ್ಚಿಗೆ ಗೌರವದ ಸ್ಥಾನವುಂಟು. ಬಾಸೆಲ್ ಮಿಶನ್ನಿನವರು ೧೮೪೧ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಮುದ್ರಣಾಲಯವು ಕಲ್ಲಚ್ಚಿನದೇ; ೧೮೪೩ನೆಯ ಜುಲೈ ೧ರಂದು ಹೆರ್ಮನ್ ಮೊಗ್ಲಿಂಗರ ಸಂಪಾದಕತ್ವದಲ್ಲಿ ಹೊರಟ ಮಂಗಳೂರ ಸಮಾಚಾರವು ಅಚ್ಚಾದುದೂ ಕಲ್ಲಿನ ಮೇಲೆಯೇ. ಅದೇ ೧೮೪೧ರಲ್ಲಿ ಸುರಪುರಕ್ಕೆ ಬಂದ ಮೆಡೋಸ್ ಟೇಲರನು ಬಾಲಕನಾಗಿದ್ದ ರಾಜಾ ವೆಂಕಟಪ್ಪನಾಯಕನ ಪರವಾಗಿ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳುತ್ತಿದ್ದನು. ೧೮೫೮ರಲ್ಲಿ ಆ ಸಂಸ್ಥಾನವು ಅಳಿದು, ೧೮೬೦ರಲ್ಲಿ ಸೀಮೆಯು ನಿಜಾಮನ ರಾಜ್ಯಕ್ಕೆ ಸೇರಿತು. ೧೮೮೦ರ ದಶಕದಲ್ಲಿ ಆ ರಾಜ್ಯದ ಆಡಳಿತಭಾಷೆಯು ಪಾರ್ಸಿಯಿಂದ ಉರ್ದುವಿಗೆ ಬದಲಾಯಿತು. ನಸ್ತಾಲೀಖ್ ಲಿಪಿಯ ಬಳುಕನ್ನು ಅಚ್ಚುಮೊಳೆಗಳು ಹಿಡಿಯಲಾರದುದರಿಂದ ಉರ್ದು ಮುದ್ರಣದಲ್ಲಿ ಕಲ್ಲಚ್ಚೇ ಬಹುಕಾಲ ನಿಂತಿತು. ೧೯೪೮ರವರೆಗೆ ನಿಜಾಮನ ಅಧೀನದಲ್ಲಿದ್ದ ಈ ಸೀಮೆಯ ಕನ್ನಡಿಗರು ಹೀಗೆ ಎರಡು ಮುದ್ರಣಗಳ ನಡುವೆ ಬಾಳಿದರು: ದಫ್ತರದಲ್ಲಿ ಕಲ್ಲಚ್ಚಿನ ಉರ್ದು, ಹೊರನಾಡಿನಿಂದ ಬಂದ ಪುಸ್ತಕಗಳಲ್ಲಿ ಅಚ್ಚುಮೊಳೆಯ ಕನ್ನಡ.

ಈ ವಿದ್ಯೆಗೆ ಬೇಕಾದ ಮೂಲದ್ರವ್ಯಗಳು ಈ ನಾಡಿಗೆ ಅಪರಿಚಿತವಾಗಿರಲಿಲ್ಲವೆಂಬುದು ಗಮನಾರ್ಹ. ಮುದ್ರಣದ ಮಸಿಗೆ ಜೀವಾಳವಾದ ಕಾಸಿದ ಅಗಸೆಯೆಣ್ಣೆಯು ಎರೆಯ ನೆಲದ ಬೆಳೆಯಿಂದ ಬರತಕ್ಕದ್ದು. ಎಣ್ಣೆಯನ್ನು ಹೆಚ್ಚು ಕಾಸಿದಷ್ಟೂ ಅದು ಮಂದವಾಗುವುದರಿಂದ, ಕಾಸುವ ಹೊತ್ತಿನಲ್ಲಿಯೇ ಮಸಿಯ ಸ್ನಿಗ್ಧತೆಯು ನಿರ್ಣಯವಾಗುತ್ತದೆ. ಬೇಸಿಗೆಗೆ ಗಟ್ಟಿಯೆಣ್ಣೆ, ಚಳಿಗೆ ತೆಳುವೆಣ್ಣೆ ಎಂಬುದು ಮುದ್ರಕರ ನಿಯಮ. ಜಾಲಿಯು ಇಲ್ಲಿ ಬೇಲಿಬೇಲಿಗೂ ಇದೆ. ಶಹಾಬಾದಿನ ಕಲ್ಲೆಂದು ಹೆಸರಾದ ಭೀಮಾತೀರದ ಹಾಸುಗಲ್ಲು ಸಣ್ಣಕಣದ ಸುಣ್ಣಕಲ್ಲಿನ ಜಾತಿಯದೇ.

೭. ಇಂದಿನ ಮುದ್ರಣದಲ್ಲಿ ಹಳೆಯ ನಿಯಮ

ಕಲ್ಲಿನ ಸ್ಥಾನದಲ್ಲಿ ಲೋಹದ ತಗಡನ್ನಿಟ್ಟು ಬೆಳೆದ ಆಫ್‌ಸೆಟ್ ಮುದ್ರಣವು ಈಗ ಪುಸ್ತಕಗಳಿಗೆಲ್ಲ ಸಾಮಾನ್ಯ. ಅದರಲ್ಲಿಯೂ ತಗಡನ್ನು ತೇವಗೊಳಿಸುವ ನೀರಿಗೆ ಅಂಟನ್ನೂ ಆಮ್ಲವನ್ನೂ ಬೆರೆಸಿ ಪಿ. ಎಚ್. ಮಾನವನ್ನು ಸಾಧಾರಣವಾಗಿ ೪.೫ ರಿಂದ ೫.೫ರ ನಡುವೆ ಇಡುತ್ತಾರೆ. ಅದಕ್ಕಿಂತ ಹುಳಿಯಾದರೆ ಮಸಿಯನ್ನು ಒಣಗಿಸುವ ಲವಣಗಳು ಕೆಟ್ಟು ಅಚ್ಚಾದ ಹಾಳೆಯು ಒಣಗುವುದಿಲ್ಲ. ಕ್ಷಾರಕ್ಕೆ ಸರಿದರೆ ಮಸಿಯು ನೀರಿನಲ್ಲಿ ಕಲೆತು ಬಿಳಿಯ ಬಯಲಿಗೆ ಬಣ್ಣದ ಛಾಯೆ ಏರುತ್ತದೆ. ಸುಣ್ಣಕಲ್ಲಿನ ನಾಡಿನ ಗಡುಸುನೀರು ಇಲ್ಲಿಯೂ ತೊಡಕು: ಅದರ ಸುಣ್ಣವು ಮಾನವನ್ನು ಏರಿಸುವುದಲ್ಲದೆ ಉರುಳೆಗಳ ಮೇಲೆ ಬಿಳಿಯ ಪೊರೆಯಾಗಿ ಕಟ್ಟುತ್ತದೆ.

ಪೆಟ್ಟಿಗೆ, ಚೀಲ ಮೊದಲಾದವುಗಳನ್ನು ಅಚ್ಚುಮಾಡಲು ಬಳಸುವ ನೀರಿನ ಮಸಿಗಳಲ್ಲಿ ಇನ್ನೂ ಸ್ವಾರಸ್ಯವಾದ ಸಂಗತಿಯಿದೆ. ನೀರಿನಲ್ಲಿ ಕರಗದ ರಾಳವನ್ನು ಅಮೋನಿಯದಂತಹ ಕ್ಷಾರದಿಂದ ಕರಗಿಸಿ ಈ ಮಸಿಗಳನ್ನು ತಯಾರಿಸುತ್ತಾರೆ, ಮಾನವು ೮.೫ ರಿಂದ ೯.೫ರವರೆಗೆ ಇರಬೇಕು. ಯಂತ್ರವು ನಡೆಯುತ್ತಿದ್ದಂತೆ ಅಮೋನಿಯವು ಹಾರಿಹೋಗಿ ಮಾನವು ಇಳಿಯುತ್ತದೆ. ರಾಳವು ಬೇರ್ಪಡತೊಡಗಿ ಸ್ನಿಗ್ಧತೆಯು ಏರುತ್ತದೆ. ಬಣ್ಣವು ಕಡುವಾಗಿ, ಚುಕ್ಕೆಗಳು ದಪ್ಪವಾಗಿ, ಅಂಚುಗಳು ಕೊಳೆಯಾಗುತ್ತವೆ. ಆಗ ಕೆಲಸಗಾರನು ಮಸಿ ಗಟ್ಟಿಯಾಯಿತೆಂದು ಬರಿಯ ನೀರನ್ನು ಹೊಯ್ದರೆ ಬಣ್ಣವು ಪೇಲವವಾಗುವುದೇ ಹೊರತು ದೋಷವು ಪರಿಹಾರವಾಗುವುದಿಲ್ಲ. ಸಲ್ಲಬೇಕಾದುದು ನೀರಲ್ಲ, ಕ್ಷಾರ. ಎರಡು ಗುಣಗಳೂ ಪರಸ್ಪರ ಬಂಧಿತವಾಗಿರುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಅರಗು-ಬಿಳಿಗಾರಗಳ ಹಳೆಯ ಮಸಿಯೂ ಇದೇ ತತ್ತ್ವದ್ದು ಎಂಬುದು ಈಗ ಸ್ಪಷ್ಟವಾಗುವುದು. ಅಲ್ಲಿ ಅರಗು, ಇಲ್ಲಿ ರಾಳ. ಅಲ್ಲಿ ಬಿಳಿಗಾರ, ಇಲ್ಲಿ ಅಮೋನಿಯ. ಕೈಯ ಹದವು ಅಳತೆಯ ಅಂಕಿಯಾಗಿದೆ.

೮. ಸಂರಕ್ಷಣೆಯ ಪ್ರಶ್ನೆ

ಈ ವಿವೇಚನೆಯಿಂದ ಹೊರಡುವ ಮುಖ್ಯವಾದ ವ್ಯಾವಹಾರಿಕ ಪ್ರಶ್ನೆಯು ಸಂರಕ್ಷಣೆಗೆ ಸಂಬಂಧಿಸಿದುದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗಿನ ಅಚ್ಚಿನ ಪುಸ್ತಕಗಳು ಬಹುಮಟ್ಟಿಗೆ ಹುಳಿಯಾದ ಕಾಗದದವು. ೧೮೦೭ರಲ್ಲಿ ಜರ್ಮನಿಯ ಇಲ್ಲಿಗನು ಪ್ರಕಟಿಸಿದ ಪಟಿಕ-ರಾಳಗಳ ಲೇಪವೂ, ಮುಂದೆ ಬಂದ ಮರದ ತಿರುಳಿನ ಕಾಗದವೂ ಈ ಹುಳಿಗೆ ಕಾರಣ. ಅಂತಹ ಕಾಗದವು ಕಂದಾಗಿ ಮುಟ್ಟಿದರೆ ಮುರಿಯುತ್ತದೆ. ಅಚ್ಚಿನ ಮಸಿಯ ಕಾಡಿಗೆಯೇನೋ ಹಾಗೆಯೇ ಇರುತ್ತದೆ. ಅದನ್ನು ಹೊತ್ತ ಹಾಳೆಯ ಬಲವೇ ಹೋಗಿರುತ್ತದೆ. ಇದಕ್ಕೆ ಅಮೆರಿಕದ ಬ್ಯಾರೋ ಎಂಬವನು ರೂಢಿಗೆ ತಂದ ಪರಿಹಾರಗಳಲ್ಲಿ ಒಂದು ಸುಣ್ಣದ ತಿಳಿನೀರಿನಲ್ಲಿ ಹಾಳೆಗಳನ್ನು ಅದ್ದಿ ಹುಳಿಯನ್ನು ತಣಿಸುವುದು.

ಕಪ್ಪು ಅಚ್ಚಿನ ಹಾಳೆಗೆ ಹಿತವಾದ ಈ ಉಪಾಯವನ್ನು ಎಲ್ಲ ಬಗೆಯ ಪತ್ರಗಳಿಗೂ ಕಣ್ಣುಮುಚ್ಚಿ ಪ್ರಯೋಗಿಸಿದರೆ ಅನರ್ಥವಾಗುವುದು. ಜಾಲಿಯಂಟಿನ ಮಸಿಯ ಕೈಬರಹವು ನೀರಿನಲ್ಲಿ ಕದಡಿಹೋಗುತ್ತದೆ. ಅರಗಿನ ಮಸಿಯು ನೀರನ್ನು ತಡೆದರೂ ಕ್ಷಾರವನ್ನು ತಡೆಯುವುದು ಸಂದೇಹ. ಕ್ಷಾರದಿಂದ ಹುಟ್ಟಿದುದು ಕ್ಷಾರದಿಂದಲೇ ಸಡಿಲವಾಗಬಹುದು. ಅರಗಿನ ಕೆಂಪಿನಿಂದ ಗುರುತುಮಾಡಿದ ಪಲ್ಲವಿ, ಸಂಧಿಯ ತಲೆಬರಹಗಳು ನೇರಳೆಗೆ ತಿರುಗುತ್ತವೆ. ಪ್ರಷ್ಯದ ನೀಲಿಯ ಆಕಾಶವು ಮಣ್ಣಿನ ಬಣ್ಣವಾಗುತ್ತದೆ. ಅಳಲೆಯ ಮಸಿಗಾದರೋ ಹುಳಿಯನ್ನು ತಣಿಸದೆ ಉಳಿವಿಲ್ಲ. ಆದರೆ ಬಲವಾದ ಕ್ಷಾರದಲ್ಲಿ ಅದರ ಕಪ್ಪೇ ಒಡೆದು ಕಂದಾಗುತ್ತದೆ. ಒಂದೇ ಮಠದ ಒಂದೇ ಕಪಾಟಿನಲ್ಲಿ ಈ ನಾಲ್ಕು ಬಗೆಯ ಗ್ರಂಥಗಳೂ ಒಟ್ಟಿಗೆ ಇರುವ ಸಂಭವವುಂಟಾದುದರಿಂದ, ಒಂದೇ ಔಷಧವನ್ನು ಎಲ್ಲಕ್ಕೂ ಕೊಡುವುದು ವೈದ್ಯವಲ್ಲ.

ಆದುದರಿಂದ ಮುದನೂರು, ಕೊಡೇಕಲ್ಲು, ತಿಂಥಣಿ, ಸುರಪುರಗಳ ಪರಂಪರೆಗೆ ಸೇರಿದ ಹಸ್ತಪ್ರತಿ-ಚಿತ್ರಗಳ ಸೂಚಿಯನ್ನು ರಚಿಸುವವರು ಗರಿಗಳ ಸಂಖ್ಯೆ, ಅಳತೆ, ಕಾಲ, ಲಿಪಿಕಾರ ಎಂಬ ರೂಢಿಯ ಅಂಕಣಗಳೊಡನೆ ಮಸಿಯ ಜಾತಿಯನ್ನೂ ನಮೂದಿಸತಕ್ಕದ್ದು ಅವಶ್ಯ. ಇದಕ್ಕೆ ದೊಡ್ಡ ಸಲಕರಣೆಗಳೇನೂ ಬೇಕಾಗಿಲ್ಲ. ಅಕ್ಷರವು ಹೊಳೆಯುವುದೋ, ಚಕ್ಕೆಯೇಳುವುದೋ, ಹಿಂಬದಿಗೆ ಕಂದಾಗಿ ಇಳಿದಿದೆಯೋ, ಸುತ್ತಲೂ ಮಂಜಿನಂತೆ ಹರಡಿದೆಯೋ ಎಂಬುದನ್ನು ಭೂತಗನ್ನಡಿಯಿಂದ ನೋಡಿ ಬರೆದಿಟ್ಟರೂ ಮುಂದಿನ ರಸಾಯನಜ್ಞನಿಗೆ ದಾರಿ ತೋರಿದಂತಾಗುವುದು. ಪಾಠಪರಿಷ್ಕರಣಕಾರನಿಗೂ ಅದೇ ಟಿಪ್ಪಣಿಯು ಬೇರೊಂದು ವಿಧದಲ್ಲಿ ಉಪಕಾರಿ: ಸಂದಿಗ್ಧವಾದ ಅಕ್ಷರವು ಬರೆದವನ ಇಷ್ಟದಿಂದ ಹಾಗಾಯಿತೋ, ಮಸಿಯ ಗುಣದಿಂದಲೋ ಎಂಬುದನ್ನು ಅದು ಬೇರ್ಪಡಿಸಿಕೊಡುತ್ತದೆ. ಛಾಯಾಚಿತ್ರಗಳಿಂದ ಗ್ರಂಥವನ್ನು ಪ್ರತಿಮಾಡಿ ಉಳಿಸಬಹುದಾದರೂ, ಛಾಯೆಯಲ್ಲಿ ಕಪ್ಪೆಲ್ಲ ಒಂದೇ ಕಪ್ಪಾಗಿ ತೋರುವುದರಿಂದ ಮೂಲವನ್ನು ನೋಡಿದವನ ಟಿಪ್ಪಣಿಗೆ ಪ್ರತಿಯಿಲ್ಲ.

೯. ಉಪಸಂಹಾರ

ಮೇಲಿನ ವಿಚಾರಗಳನ್ನು ಸಂಗ್ರಹಿಸಿ ಹೇಳುವುದಾದರೆ: ಬಣ್ಣದ ಗುಣವು ದ್ರವ್ಯವೊಂದರಲ್ಲಿಯೇ ಇಲ್ಲ, ಅದನ್ನು ಹಿಡಿದ ದ್ರವದ ಹದದಲ್ಲಿಯೂ ಹುಳಿ-ಕ್ಷಾರಗಳ ಸಮತೂಕದಲ್ಲಿಯೂ ಇದೆ. ಕಲ್ಯಾಣದ ಅರಸನ ಗ್ರಂಥದಲ್ಲಿ ಹೇಳಿದ ವಜ್ರಲೇಪ, ಬಣ್ಣಗಾರರ ಕುಸುಬೆ, ಲಿಪಿಕಾರರ ಅರಗಿನ ಮಸಿ, ಮಂಗಳೂರಿನ ಕಲ್ಲಚ್ಚು, ಇಂದಿನ ಯಂತ್ರದ ನೀರಿನ ಮಸಿ ಎಲ್ಲವೂ ಒಂದೇ ನಿಯಮಕ್ಕೆ ಒಳಪಟ್ಟವು. ಹಿಂದಿನವರು ಈ ನಿಯಮವನ್ನು ಕಣ್ಣು-ಕೈಗಳಿಂದ ಅರಿತಿದ್ದರು; ಇಂದಿನವರು ಅಂಕಿಗಳಿಂದ ಅರಿಯುತ್ತಾರೆ. ೨೦೦೯-೧೦ರಲ್ಲಿ ಗುಲಬರ್ಗಾದಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾದ ಯಾದಗಿರಿಯ ಚರಿತ್ರೆಯನ್ನು ಬರೆಯುವವರಿಗೆ ಶಾಸನಗಳಷ್ಟೇ ಈ ಹಾಳೆಗಳೂ ಆಧಾರಗಳು. ಶಾಸನದ ಕಲ್ಲು ಕಾಯಬಲ್ಲದು. ಅಳಲೆಯ ಮಸಿಯಿಂದ ಬರೆದ ಹಾಳೆಯು ಕಾಯಲಾರದು. ಅದರ ಹುಳಿಯು ಹಗಲಿರುಳೂ ತನ್ನ ಕೆಲಸವನ್ನು ನಡೆಸುತ್ತಲೇ ಇರುವುದು.